ತಂಗಿ ಲೆಕ್ಕ ಹಾಕಿದ ಪೆಟ್ಟಿಗೆ

ನಮ್ಮ ಮನೆಯ ಹಿಂದಿನ ಶೆಡ್ಡಿನಲ್ಲಿ ಈಗ ಮಗ್ಗಗಳಿಲ್ಲ. ಕರೆಂಟಿನಲ್ಲಿ ಓಡುತ್ತಿದ್ದ ಎರಡು ಮಗ್ಗಗಳಿದ್ದ ಜಾಗದಲ್ಲಿ ಬೋಲ್ಟು ಕಿತ್ತ ತೂತುಗಳು ಮಾತ್ರ ಉಳಿದಿವೆ. ಗುಡಿಸುವಾಗ ಕಸ ಅವುಗಳೊಳಗೆ ಸೇರಿಕೊಳ್ಳುತ್ತದೆ, ಆಮೇಲೆ ಕಡ್ಡಿಯಿಂದ ಕೆದಕಿ ತೆಗೆಯಬೇಕು. ಕೆಲವು ತಿಂಗಳ ಹಿಂದಿನವರೆಗೆ ಈ ಶೆಡ್ಡಿನ ಕಿಟಕಿಕಟ್ಟೆಯ ಮೇಲೆ ಒಂದು ಪ್ಲೈವುಡ್ ಪೆಟ್ಟಿಗೆ ಇತ್ತು. ಎತ್ತಿಕೊಂಡರೆ ಎಳೆಮಗುವಿನಷ್ಟು ತೂಕ. ಮುಂದುಗಡೆ ಅಂಗೈ ಅಗಲದ ಒಂದು ಸ್ಪೀಕರ್, ಅದರ ಕೆಳಗೆ ದುಂಡನೆಯ ಒಂದು ತೂತು. ಅದನ್ನು ಕತ್ತರಿಸಿ ಜೋಡಿಸಿದವನು ನಾನು, ಅದರ ಲೆಕ್ಕ ಹಾಕಿದವಳು ನನ್ನ ತಂಗಿ. ಆ ಪೆಟ್ಟಿಗೆಯ ವಿಷಯದಲ್ಲಿ ನಾನು ಅವಳಿಗೆ ಮಾಡಿದ್ದನ್ನು ಬರೆಯಲು ಕೂತಿದ್ದೇನೆ.

ನಾನು ಓದಿದ್ದು ಆರನೇ ಕ್ಲಾಸಿನವರೆಗೆ. ಕನ್ನಡ ಓದುತ್ತೇನೆ, ಬರೆಯುತ್ತೇನೆ. ಇಂಗ್ಲಿಷ್ ಅಕ್ಷರಗಳನ್ನು ಒಂದೊಂದಾಗಿ ಕೂಡಿಸಿಕೊಂಡು ಓದಬಲ್ಲೆ, ಅರ್ಥವಾಗುವುದು ಕಡಿಮೆ. ದೊಡ್ಡಬಳ್ಳಾಪುರದ ನಮ್ಮ ಬೀದಿಯಲ್ಲಿ ಅದೊಂದು ಕೊರತೆ ಎಂದು ನನಗೆ ಯಾವತ್ತೂ ಅನ್ನಿಸಿರಲಿಲ್ಲ. ನನಗೆ ಹೆಸರು ಬಂದದ್ದು ಕಿವಿಯಿಂದ. ಯಾರ ಶೆಡ್ಡಿನಲ್ಲಿ ಮಗ್ಗ ಕೆಟ್ಟರೂ ನನ್ನನ್ನು ಕರೆಯುತ್ತಿದ್ದರು. ಬಾಗಿಲಲ್ಲೇ ನಿಂತು ಸ್ವಲ್ಪ ಹೊತ್ತು ಕೇಳಿಸಿಕೊಂಡು, ಲಾಳಿ ಎಡಗಡೆ ಜಾಸ್ತಿ ಪೆಟ್ಟು ತಿನ್ನುತ್ತಿದೆ, ಹಲ್ಲುಚಕ್ರ ಸವೆದಿದೆ ಎಂದು ಹೇಳಿಬಿಡುತ್ತಿದ್ದೆ. ಬಿಚ್ಚಿ ನೋಡಿದರೆ ಹಾಗೇ ಇರುತ್ತಿತ್ತು. "ಅವನ ಕಿವಿ ಕಳಿಸಿಕೊಟ್ರೆ ಸಾಕು, ಅವನು ಬರೋದೇ ಬೇಡ" ಎಂದು ಅಪ್ಪ ಬೀದಿಯವರೆದುರು ನಗುತ್ತಿದ್ದ.

ಮಗ್ಗ ಓಡುವಾಗ ಶೆಡ್ಡಿನಲ್ಲಿ ಯಾರೂ ಕೂಗಿ ಮಾತಾಡುವುದಿಲ್ಲ. ಕೂಗಿದರೂ ಪ್ರಯೋಜನವಿಲ್ಲ. ಎದುರಿಗೆ ಬಂದು ನಿಂತು, ತುಟಿಗಳನ್ನು ದೊಡ್ಡದಾಗಿ ಆಡಿಸಿ, ಕೈಯಲ್ಲಿ ಒಂದು ಸನ್ನೆ ಮಾಡಿದರೆ ಮುಗಿಯಿತು. ಎರಡು ತೋರುಬೆರಳುಗಳನ್ನು ಜೋಡಿಸಿ ಪಟ್ಟನೆ ಬಿಡಿಸಿದರೆ ಎಳೆ ಹರಿದಿದೆ ಎಂದು ಅರ್ಥ. ಕಿವಿ ಹಿಡಿದು ಎಳೆದುಕೊಂಡರೆ ಅಪ್ಪನಿಗೆ ಸಿಟ್ಟು ಬಂದಿದೆ ಎಂದು ಅರ್ಥ. ಅದು ನನ್ನ ತಂಗಿ ಹುಟ್ಟಿಸಿದ ಸನ್ನೆ. ಮಗ್ಗ ನಿಲ್ಲಿಸಿ ಊಟಕ್ಕೆ ಕೂತಾಗಲೂ ನಮ್ಮ ಮನೆಯಲ್ಲಿ ಹಾಗೇ, ಒಬ್ಬರ ಮುಖ ಒಬ್ಬರು ನೋಡಿಕೊಂಡೇ ಮಾತು. ಬೇರೆ ಕಡೆಯಿಂದ ಬಂದ ನೆಂಟರು, ಇದೇನು ನೀವೆಲ್ಲ ಜಗಳಕ್ಕೆ ನಿಂತ ಹಾಗೆ ದಿಟ್ಟಿಸಿಕೊಂಡು ಮಾತಾಡ್ತೀರಿ ಎನ್ನುತ್ತಿದ್ದರು.

ಇದನ್ನು ಯಾಕೆ ಹೇಳುತ್ತಿದ್ದೇನೆಂದರೆ, ಇಂಥ ಮನೆಯಲ್ಲಿ ಒಬ್ಬನ ಕಿವಿ ಹೋದರೆ ಯಾರಿಗೂ ಗೊತ್ತಾಗುವುದಿಲ್ಲ.

ನನ್ನ ಕಿವಿ ಯಾವಾಗ ಹೋಗತೊಡಗಿತೋ ಹೇಳಲಾರೆ. ಒಂದೇ ದಿನ ಹೋದದ್ದಲ್ಲ. ಕೀಚಲು ದನಿಗಳು ಮೊದಲು ಬಿಟ್ಟುಹೋದವು. ಮಳೆಗಾಲದ ಸಂಜೆ ಹಿತ್ತಿಲಲ್ಲಿ ಜೀರುಂಡೆ ಕೂಗುವುದು ನಿಂತಿತು, ಈ ವರ್ಷ ಹುಳುಗಳೇ ಕಡಿಮೆ ಎಂದುಕೊಂಡೆ. ಕುಕ್ಕರ್ ವಿಷಲ್ ಹಾಕುತ್ತಿಲ್ಲವೆಂದು ಗ್ಯಾಸ್ಕೆಟ್ ಬದಲಾಯಿಸಿದೆ, ಆದರೂ ಅನ್ನ ಗಂಜಿಯಾಗುತ್ತಿತ್ತು. ಜನ ಮಾತಾಡುವುದು ಕೇಳುತ್ತಿತ್ತು, ಆದರೆ ಗೋಡೆಯಾಚೆ ಮಾತಾಡಿದ ಹಾಗೆ. ಗುಂಯ್ ಎನ್ನುವ ದಪ್ಪ ಸದ್ದು ಇರುತ್ತಿತ್ತು, ಅದರ ಅಂಚುಗಳು ಇರುತ್ತಿರಲಿಲ್ಲ. ಮಗ್ಗದ ಸದ್ದೆಲ್ಲ ದಪ್ಪ ಸದ್ದು, ಅದು ಮಾತ್ರ ಮೊದಲಿನ ಹಾಗೇ ಕೇಳುತ್ತಿತ್ತು. ಕೇಳದಿದ್ದದ್ದನ್ನು ಮಗ್ಗದ ಕಟ್ಟಿನ ಮೇಲೆ ಅಂಗೈ ಇಟ್ಟು ತಿಳಿದುಕೊಳ್ಳುವುದನ್ನು ಕಲಿತೆ. ಹಾಗಾಗಿ ನನ್ನ ಹೆಸರು ಹಾಗೇ ಉಳಿಯಿತು. ನನಗೇ ಗೊತ್ತಿರಲಿಲ್ಲ ಎಂದು ಬರೆದರೆ ಸುಳ್ಳಾಗುತ್ತದೆ. ಗೊತ್ತಿತ್ತು. ಆದರೆ ಕಿವಿ ಇಲ್ಲ ಎಂದು ಒಪ್ಪಿಕೊಂಡರೆ ಆಮೇಲೆ ನಾನು ಯಾರು ಎಂಬುದು ಗೊತ್ತಿರಲಿಲ್ಲ.

ಅಮ್ಮ ಮೊದಲು ಹೋದಳು, ಆಮೇಲೆ ಅಪ್ಪ. ತಂಗಿ ಐಟಿಐಯಲ್ಲಿ ಎಲೆಕ್ಟ್ರಾನಿಕ್ಸ್ ಓದಿ ಹೊಸಕೋಟೆ ಕಡೆಯ ಒಂದು ಕಾರ್ಖಾನೆಗೆ ಸೇರಿದಳು. ಅಲ್ಲೇ ಕೆಲಸದಲ್ಲಿದ್ದ ಅನುಗೊಂಡನಹಳ್ಳಿಯ ಹುಡುಗನನ್ನು ಮೆಚ್ಚಿ ಮದುವೆಯಾದಳು. ಅವರದು ಹೊಲ, ಹಸು ಇರುವ ಮನೆ. ಮಗ್ಗ ಹೇಗಿರುತ್ತದೆಂದು ಆ ಮನೆಯಲ್ಲಿ ಯಾರಿಗೂ ತಿಳಿಯದು. ನನಗೆ ಮದುವೆಯಾಗಲಿಲ್ಲ. ಅಪ್ಪ ಹೋದ ಮೇಲೆ ಮಗ್ಗಗಳನ್ನು ಮಾರಿ, ಬೇರೆಯವರ ಶೆಡ್ಡುಗಳಲ್ಲಿ ರಿಪೇರಿ ಮಾಡಿಕೊಂಡು, ಬಿಡುವಿನಲ್ಲಿ ಮರಗೆಲಸ ಕಲಿತುಕೊಂಡು ಇದ್ದೆ.

ತಂಗಿ ಗಂಡನ ಮನೆಗೆ ಹೋದ ಮೇಲೆ ನಮ್ಮಿಬ್ಬರ ನಡುವೆ ಫೋನ್ ಬಂತು. ಕಿವಿಗೆ ಹಿಡಿದ ಫೋನಿನಲ್ಲಿ ಮುಖ ಇರುವುದಿಲ್ಲ. ಅವಳ ದನಿ ಬರುತ್ತಿತ್ತು, ಮಾತು ಬರುತ್ತಿರಲಿಲ್ಲ. ಹೂಂ, ಸರಿ, ಆಯ್ತು ಎಂದು ಹೇಳಿ ಇಟ್ಟುಬಿಡುತ್ತಿದ್ದೆ. ಅಣ್ಣನಿಗೆ ನನ್ನ ಮದುವೆ ಇಷ್ಟವಿರಲಿಲ್ಲವೇನೋ, ಅದಕ್ಕೇ ಮುಖ ಕೊಟ್ಟು ಮಾತಾಡುವುದಿಲ್ಲ ಎಂದು ಅವಳು ಸ್ವಲ್ಪ ಕಾಲ ನೊಂದುಕೊಂಡಿದ್ದಳಂತೆ. ಆಮೇಲೆ ನಾನು ವೀಡಿಯೊ ಕಾಲ್ ಮಾಡಲು ಶುರುಮಾಡಿದೆ. ಮುಖ ಕಂಡರೆ ತುಟಿ ಓದಿಕೊಂಡು ಸಲೀಸಾಗಿ ಮಾತಾಡಬಹುದಿತ್ತು. ಮಾಮೂಲಿ ಕಾಲ್ ಬಂದರೆ ಕತ್ತರಿಸಿ, ವೀಡಿಯೊದಲ್ಲಿ ಬಾ, ನಿನ್ನ ಮುಖ ನೋಡಬೇಕು ಎಂದು ಬರೆದು ಕಳಿಸುತ್ತಿದ್ದೆ. ಅವಳಿಗೆ ಅದು ಎಷ್ಟು ಹಿತವಾಗಿತ್ತೆಂದರೆ, ಅತ್ತೆಯ ಹತ್ತಿರ ಹೇಳಿಕೊಂಡಳು: "ನಮ್ಮಣ್ಣಂಗೆ ನನ್ ಮುಖ ನೋಡ್ದೆ ಮಾತೇ ಬರಲ್ಲ." ಅದನ್ನು ಅವಳೇ ನನಗೆ ಹೇಳಿ ನಕ್ಕಳು. ನಾನೂ ನಕ್ಕೆ.

ಬಸುರಿಯಾದ ಮೇಲೆ ಅವಳು ಕಾರ್ಖಾನೆ ಬಿಟ್ಟಳು. ಸುಮ್ಮನೆ ಕೂರುವ ಜೀವವಲ್ಲ. ಚಿಕ್ಕ ಸ್ಪೀಕರ್ ಪೆಟ್ಟಿಗೆಗಳನ್ನು ಮಾಡಬೇಕು ಎಂದು ಅವಳ ತಲೆಗೆ ಬಂತು. ಹೊಸಕೋಟೆಯಲ್ಲಿ ಟ್ಯೂಷನ್ ಹೇಳುವ ಒಬ್ಬ ಮೇಷ್ಟ್ರು, ಮೇಜಿನ ಮೇಲಿಡುವಂಥದ್ದು, ದನಿ ಸ್ಪಷ್ಟವಾಗಿರಬೇಕು, ಒಳ್ಳೆಯದಾದರೆ ಇನ್ನೂ ಬೇಕಾಗುತ್ತದೆ ಎಂದು ಕೇಳಿದ್ದರು. ಅಪ್ಪನ ತಿಥಿಗೆ ಊರಿಗೆ ಬಂದಾಗ ಅವಳು ಒಂದು ಹಳೆಯ ಲ್ಯಾಪ್‌ಟಾಪ್ ತಂದಿದ್ದಳು. ತಿಥಿಯೂಟ ಮುಗಿಸಿ ಶೆಡ್ಡಿನ ನೆಲದ ಮೇಲೆ ಚಾಪೆ ಹಾಕಿಕೊಂಡು ಕೂತೆವು.

ಪೆಟ್ಟಿಗೆ ಚಿಕ್ಕದಾದರೆ ದಪ್ಪ ಸದ್ದು ಬರುವುದಿಲ್ಲ, ಬರಬೇಕೆಂದರೆ ಪೆಟ್ಟಿಗೆಗೆ ಒಂದು ತೂತು ಕೊರೆದು ಒಳಗಡೆಗೆ ಒಂದು ಪೈಪು ಕೂರಿಸಬೇಕು ಎಂದು ವಿವರಿಸಿದಳು. "ಖಾಲಿ ಸೀಸೆ ಬಾಯಿಗೆ ಊದಿದ್ರೆ ಹೂಂ ಅನ್ನುತ್ತಲ್ಲ, ಅದೇ ಕಣಣ್ಣ. ಪೈಪು ಎಷ್ಟುದ್ದ, ಎಷ್ಟಗಲ, ಅದ್ರಲ್ಲೇ ಎಲ್ಲ ಇರೋದು." ಅದನ್ನು ಅಂದಾಜಿನಲ್ಲಿ ಮಾಡಲಾಗದು. ಲೆಕ್ಕ ಹಾಕಲು ಕಂಪ್ಯೂಟರಿಗೆ ಬೇರೆ ಬೇರೆ ಸಾಫ್ಟ್‌ವೇರ್‌ಗಳಿವೆ, ಪುಕ್ಕಟೆ ಸಿಗುತ್ತವೆ. ಅವಳು ಮೂರನ್ನು ಹಾಕಿಕೊಂಡು ಬಂದಿದ್ದಳು. ಯಾವುದನ್ನು ಹಿಡಿಯೋಣ ಎಂದು ನನ್ನನ್ನು ಕೇಳಿದಳು.

ನನಗೇನು ಗೊತ್ತಾಗುತ್ತದೆ ಎಂದೆ. "ಕತ್ತರಿಸೋನು ನೀನು, ಕೇಳೋನು ನೀನು. ನಾನು ಬರೀ ಬಟನ್ ಒತ್ತೋಳು" ಎಂದಳು.

ಮೊದಲನೆಯದರಲ್ಲಿ ಸ್ಪೀಕರ್ ಜೊತೆ ಬಂದ ಕಾಗದದ ಮೂರ್ನಾಲ್ಕು ಅಂಕಿಗಳನ್ನು ತುಂಬಿದರೆ ಸಾಕು. ಪೆಟ್ಟಿಗೆಯ ಚಿತ್ರ ಬರುತ್ತಿತ್ತು, ಹಲಗೆಗಳ ಅಳತೆ, ಪೈಪಿನ ಉದ್ದ ಎಲ್ಲ ಪಕ್ಕದಲ್ಲೇ. ಎರಡನೆಯದರಲ್ಲಿ ಪೆಟ್ಟಿಗೆಯ ಚಿತ್ರವೇ ಇರಲಿಲ್ಲ, ಬರೀ ಗೆರೆಗಳು. ಒಂದು ಗೆರೆ ಸದ್ದಿನದು, ಒಂದು ಗೆರೆ ಸ್ಪೀಕರಿನ ಮುಂದಿನ ಕಾಗದದ ಬಟ್ಟಲು ಎಷ್ಟು ಹಿಂದೆ ಮುಂದೆ ಹೋಗುತ್ತದೆ ಎಂಬುದು, ಇನ್ನೊಂದು ಪೈಪಿನೊಳಗೆ ಗಾಳಿ ಎಷ್ಟು ಜೋರಾಗಿ ಓಡಾಡುತ್ತದೆ ಎಂಬುದು. ಗಾಳಿ ತುಂಬ ಜೋರಾದರೆ ಪೈಪಿನ ಬಾಯಲ್ಲಿ ಉಸ್ ಉಸ್ ಎನ್ನುತ್ತದಂತೆ. ಮೊದಲನೆಯ ಸಾಫ್ಟ್‌ವೇರ್ ಅದನ್ನು ಹೇಳುವುದೇ ಇಲ್ಲ. ಮೂರನೆಯದು ಎಲ್ಲವನ್ನೂ ಹೇಳುತ್ತದೆ, ಆದರೆ ಅದಕ್ಕೆ ಎಲ್ಲವನ್ನೂ ನಾವು ಮೊದಲು ಹೇಳಬೇಕು. ಮೈಕು ಇಟ್ಟು ಅಳೆದ ಲೆಕ್ಕವನ್ನೂ ತುಂಬಬೇಕು. ತಂಗಿಗೆ ಎರಡನೆಯದು ಇಷ್ಟವಾಗಿತ್ತು. ಅವಳು ಮೌಸನ್ನು ಅದರ ಮೇಲೇ ಇಟ್ಟುಕೊಂಡು ಕೂತಿದ್ದಳು.

ನಾನು ಮೊದಲನೆಯದೇ ಇರಲಿ ಎಂದೆ. ಚಿತ್ರ ನೋಡಿದರೆ ನನಗೆ ಕತ್ತರಿಸಲು ಬರುತ್ತಿತ್ತು. ಗೆರೆಗಳನ್ನು ನೋಡಿದರೆ ಆರನೇ ಕ್ಲಾಸಿಗೆ ಬಿಟ್ಟ ಸ್ಕೂಲು ನೆನಪಾಗುತ್ತಿತ್ತು. ಅವಳು ವಾದ ಮಾಡಲಿಲ್ಲ. "ಆಯ್ತು, ಹಿರಿಯರು ಹೇಳಿದ ಮೇಲೆ" ಎಂದು ನಮ್ಮ ಅಮ್ಮ ಹೇಳುತ್ತಿದ್ದ ಧಾಟಿಯಲ್ಲಿ ಹೇಳಿ ಅಂಕಿಗಳನ್ನು ತುಂಬಿದಳು. ಏಳು ಲೀಟರಿನ ಪೆಟ್ಟಿಗೆ, ನಾಲ್ಕು ಸೆಂಟಿಮೀಟರ್ ಅಗಲದ, ಗೇಣುದ್ದಕ್ಕಿಂತ ಕಡಿಮೆಯ ಪೈಪು. ನಲ್ಲಿಗೆ ಹಾಕುವ ಪೈಪೇ ಆಗುತ್ತದೆ ಎಂದಳು. ಪ್ಲೈವುಡ್ ಮಾತ್ರ ದಪ್ಪನೆಯದು ಹಾಕಬೇಕು, ಒಳಗೆ ಅಡ್ಡಪಟ್ಟಿ ಕೊಡಬೇಕು ಎಂದು ಎರಡೆರಡು ಸಲ ಹೇಳಿದಳು. ಸ್ಪೀಕರನ್ನು ನನ್ನ ಹತ್ತಿರವೇ ಬಿಟ್ಟು ಮಾರನೆಯ ದಿನ ಹೊರಟಳು.

ನಾನು ತೆಳು ಪ್ಲೈವುಡ್ ಹಾಕಿದೆ. ಮೊದಲು ದಪ್ಪನೆಯದರಲ್ಲೇ ಮಾಡುವ ಮನಸ್ಸಿತ್ತು. ಆದರೆ ತುಂಡು ಹಲಗೆಗಳನ್ನು ಸ್ಪೀಕರಿಗೆ ಒತ್ತಿ ನೋಡಿದಾಗ ದಪ್ಪ ಹಲಗೆ ಅಂಗೈಗೆ ಏನೂ ಹೇಳಲಿಲ್ಲ, ತೆಳುವಾದದ್ದು ಜುಮ್ಮೆಂದಿತು. ಇಪ್ಪತ್ತು ವರ್ಷ ಮಗ್ಗದ ಮೇಲೆ ಕೈಯಿಟ್ಟು ಬದುಕಿದವನಿಗೆ ಅದುರಿದ್ದೇ ಜೀವ. ಪೆಟ್ಟಿಗೆ ಮುಗಿಸಿ ಹಾಡು ಹಾಕಿ ಮೇಲೆ ಕೈಯಿಟ್ಟೆ. ಹಸುವಿನ ಮೈ ಮುಟ್ಟಿದ ಹಾಗೆ ಅದುರುತ್ತಿತ್ತು. ವೀಡಿಯೊದಲ್ಲಿ ಅವಳಿಗೆ ತೋರಿಸಿ, ಜೀವ ಬಂದಿದೆ ಎಂದೆ. ಅವಳ ಮುಖ ಅರಳಿತು. ಮಾತು ಸ್ಪಷ್ಟ ಇದೆಯಾ ಎಂದು ಕೇಳಿದಳು.

ಮಾತು ಸ್ಪಷ್ಟವಿರಲಿಲ್ಲ. ನನಗೆ ಯಾವ ಮಾತೂ ಸ್ಪಷ್ಟವಿರಲಿಲ್ಲ, ಎದುರಿಗೆ ನಿಂತವರದ್ದೂ. ಇಲ್ಲ ಕಣೆ, ಮಾತು ಮುಸುಕು ಹಾಕಿದ ಹಾಗಿದೆ ಎಂದುಬಿಟ್ಟೆ.

ಅವಳು ತಪ್ಪನ್ನು ಸಾಫ್ಟ್‌ವೇರಿನ ಮೇಲೆ ಹಾಕಿದಳು. ಬಹುಶಃ ಪೈಪು ಚಿಕ್ಕದಾಗಿ ಉಸ್ ಎನ್ನುತ್ತಿರಬೇಕು, ಅದೇ ಮಾತನ್ನು ಮುಚ್ಚುತ್ತಿದೆ ಎಂದಳು. ಉಸ್ ಎನ್ನುತ್ತಿದ್ದಿರಬಹುದು. ನನಗೆ ಆ ಸದ್ದು ಕೇಳುವ ಹಾಗೇ ಇರಲಿಲ್ಲ. ಅವಳು ಎರಡನೆಯ ಸಾಫ್ಟ್‌ವೇರ್ ತೆರೆದಳು. ಅಗಲವಾದ ಪೈಪು, ಅದು ಪೆಟ್ಟಿಗೆಯೊಳಗೆ ಹಿಡಿಸದಷ್ಟು ಉದ್ದವಾದ್ದರಿಂದ ಒಂದು ಬೆಂಡು ಕೊಟ್ಟು ತಿರುಗಿಸಬೇಕು. ಗೆರೆಗಳ ಚಿತ್ರವನ್ನು ನನಗೆ ಕಳಿಸಿ, ಗಾಳಿಯ ಗೆರೆ ಎಷ್ಟು ಕೆಳಗೆ ಬಂದಿದೆ ನೋಡು ಎಂದಳು. ಈ ಸಲ ಅವಳು ಹೇಳಿದಂತೆ ದಪ್ಪ ಪ್ಲೈವುಡ್ಡನ್ನೇ ಹಾಕಿದೆ, ಅಡ್ಡಪಟ್ಟಿ ಕೊಟ್ಟೆ, ಮೂಲೆಗಳಿಗೆ ಅಂಟು ತುಂಬಿದೆ. ನನ್ನ ಕೈಯಲ್ಲಿ ಅಷ್ಟು ಚೆನ್ನಾಗಿ ಕೂತ ಮೂಲೆಗಳು ಬೇರೆ ಯಾವುದೂ ಇಲ್ಲ.

ಸ್ಪೀಕರನ್ನು ಮೊದಲ ಪೆಟ್ಟಿಗೆಯಿಂದ ಬಿಚ್ಚಿ ಇದಕ್ಕೆ ಕೂರಿಸಿ, ಹಾಡು ಹಾಕಿ ಕೈಯಿಟ್ಟೆ. ಪೆಟ್ಟಿಗೆ ಕಲ್ಲಿನ ಹಾಗಿತ್ತು. ತೂತಿನ ಮುಂದೆ ಬೆರಳು ಹಿಡಿದರೆ ಮಾತ್ರ ಗಾಳಿ ಮೆಲ್ಲಗೆ ತಾಗುತ್ತಿತ್ತು. ಪೆಟ್ಟಿಗೆ ಹಾಗೆಯೇ ಇರಬೇಕು, ಮರ ಅಲುಗಬಾರದು, ಒಳಗಿನ ಗಾಳಿ ಮಾತ್ರ ಅಲುಗಬೇಕು ಎಂದು ಆಮೇಲೆ ತಿಳಿಯಿತು. ಅವತ್ತು ನನ್ನ ಅಂಗೈ ಅದನ್ನು ಸತ್ತದ್ದು ಎಂದಿತು, ಕಿವಿ ಅಂಗೈಯ ಮಾತಿಗೆ ಹೂಂಗುಟ್ಟಿತು. ಸತ್ತ ಹಾಗಿದೆ ಕಣೆ ಎಂದು ಹೇಳಿದೆ. ಅಷ್ಟರಲ್ಲಿ ಅವಳಿಗೆ ಮಗುವಾಗಿತ್ತು, ತೋಳಿನಲ್ಲಿ ಮಗುವನ್ನು ಇಟ್ಟುಕೊಂಡೇ ನನ್ನ ಮಾತು ಕೇಳಿದಳು. ಪೆಟ್ಟಿಗೆಯನ್ನು ಇಲ್ಲಿಗೇ ತಂದುಬಿಡು, ನಾನೇ ಕೇಳಿ ನೋಡುತ್ತೇನೆ ಎಂದಳು. ಇನ್ನೂ ಪಾಲಿಶ್ ಆಗಿಲ್ಲ ಎಂದೆ. ಮುಂದಿನ ವಾರವೂ ಹಾಗೇ ಅಂದೆ.

ಕೊನೆಗೆ ಅವಳು ಮೂರನೆಯ ಸಾಫ್ಟ್‌ವೇರಿಗೆ ಕೈಹಾಕಿದಳು. ಮೊದಲೆರಡು ದಪ್ಪ ಸದ್ದಿನ ಲೆಕ್ಕವನ್ನಷ್ಟೇ ಹೇಳುತ್ತಿದ್ದವು, ಇದು ಮಾತಿನ ಮೇಲ್ದನಿಯವರೆಗೂ ಗೆರೆ ಎಳೆಯುತ್ತಿತ್ತು. ಮಗು ಮಲಗಿದಾಗ ಕೂತು, ಎಷ್ಟೋ ದಿನ ತೆಗೆದುಕೊಂಡು ಅದನ್ನು ಕಲಿತಳು. ಸ್ಪೀಕರಿನ ಕಂಪನಿಯವರೇ ಮೈಕು ಇಟ್ಟು ಅಳೆದಿದ್ದ ಲೆಕ್ಕವನ್ನು ಹುಡುಕಿ ತುಂಬಿದಳು. ಅದರ ಪ್ರಕಾರ ಪೆಟ್ಟಿಗೆಯಲ್ಲಿ ಯಾವ ದೋಷವೂ ಇರಲಿಲ್ಲ. ಆಗ ನನ್ನ ಫೋನಿಗೆ ಒಂದು ಸದ್ದು ಕಳಿಸಿದಳು. ದಪ್ಪ ಗುಂಯ್‌ನಿಂದ ಶುರುವಾಗಿ, ಏರುತ್ತ ಏರುತ್ತ ಸೊಳ್ಳೆಯ ದನಿಯಾಗಿ ಮುಗಿಯುವ ಸದ್ದು. ಅದು ಏರಿದಂತೆ ಪರದೆಯ ಮೇಲೆ ಅಂಕಿಯೂ ಏರುತ್ತದೆ. ಪೆಟ್ಟಿಗೆಯಿಂದ ಹಾಕಿ ಕೇಳು, ಎಲ್ಲಿ ನಿಲ್ಲುತ್ತದೋ ಆ ಅಂಕಿ ಹೇಳು ಎಂದಳು.

ಮೂರು ಸಾವಿರ ದಾಟಿದ ಮೇಲೆ ಶೆಡ್ಡು ನಿಶ್ಶಬ್ದವಾಯಿತು. ಅಂಕಿ ಮಾತ್ರ ಏರುತ್ತಲೇ ಇತ್ತು. ಖಾಲಿ ಶೆಡ್ಡಿನಲ್ಲಿ, ಬೋಲ್ಟು ತೂತುಗಳ ನಡುವೆ, ಆ ಅಂಕಿಯನ್ನು ನೋಡುತ್ತ ನಿಂತಿದ್ದೆ. ಅಷ್ಟೊಂದು ಸದ್ದು ಇದೆ, ನಾನು ಅದರ ಹೊರಗಿದ್ದೇನೆ ಎಂದು ಅನ್ನಿಸಿತು. ಅವತ್ತು ಆ ಮಾತನ್ನು ಹೇಳಬಹುದಿತ್ತು. ಸದ್ದು ಮುಗಿದ ಮೇಲೆ ವೀಡಿಯೊ ಕಾಲ್ ಮಾಡಿದಾಗ ಅವಳು ಪರದೆಯ ಮೇಲೆ ಕಾಯುತ್ತಿದ್ದಳು. ಮೂರು ಸಾವಿರಕ್ಕೆ ನಿಂತುಹೋಯಿತು, ಮೇಲೆ ಏನೂ ಇಲ್ಲ ಎಂದೆ.

ಅವಳು ಹುಬ್ಬು ಗಂಟಿಕ್ಕಿದಳು. ಹಾಗಾಗಲು ಸಾಧ್ಯವೇ ಇಲ್ಲ, ಬೇರೆ ಯಾರಿಗಾದರೂ ಕೇಳಿಸಿ ನೋಡು ಎಂದಳು. ಎರಡು ದಿನ ಬಿಟ್ಟು ಫೋನ್ ಮಾಡಿ, ಪಕ್ಕದ ಮನೆಯವರನ್ನು ಕರೆಸಿದ್ದೆ, ಅವರೂ ಹಾಗೇ ಅಂದರು ಎಂದು ಹೇಳಿದೆ.

ಪಕ್ಕದ ಮನೆಯವರನ್ನು ನಾನು ಕರೆದೇ ಇರಲಿಲ್ಲ.

ಅವಳು ಲ್ಯಾಪ್‌ಟಾಪಿನ ಗೆರೆಗಳನ್ನು ಇನ್ನೊಮ್ಮೆ ನೋಡಿದಳು. ನಂತರ ನನ್ನ ಕಡೆ ತಿರುಗಿದಳು. "ಸಾಫ್ಟ್‌ವೇರ್ ಒಂದು ಹೇಳುತ್ತೆ, ನೀನೊಂದು ಹೇಳ್ತೀಯ. ಅದನ್ನ ಯಾರೋ ಗೊತ್ತಿಲ್ದೋರು ಬರೆದವ್ರೆ. ನಿನ್ ಕಿವಿ ನಂಗೊತ್ತು. ನಾನೇ ಎಲ್ಲೋ ತಪ್ಪು ಮಾಡಿದೀನಿ ಬಿಡು."

ಅದಾದ ಮೇಲೆ ಅವಳು ಆ ಕೆಲಸ ಬಿಟ್ಟಳು. ಮೇಷ್ಟ್ರಿಗೆ ಆಗುವುದಿಲ್ಲ ಎಂದು ಹೇಳಿ ಕಳಿಸಿದಳು. ಲ್ಯಾಪ್‌ಟಾಪನ್ನು ಬಟ್ಟೆ ಸುತ್ತಿ ಅಟ್ಟಕ್ಕೆ ಹಾಕಿದ್ದಾಗಿ ಒಮ್ಮೆ ಮಾತಿನ ನಡುವೆ ಹೇಳಿದಳು, ನಗುತ್ತಲೇ. ಮಗು, ಹಸು, ಅತ್ತೆಯ ಮಂಡಿನೋವು ಎಂದು ಸುದ್ದಿ ಹೇಳುತ್ತಿದ್ದಳು. ಮೊದಲು ಗೆರೆಗಳ ಬಗ್ಗೆ ಹೇಳುವಾಗ ಅವಳ ತುಟಿಗಳು ಎಷ್ಟು ಬೇಗ ಆಡುತ್ತಿದ್ದವೆಂದರೆ ನನಗೆ ಹಿಡಿಯಲು ಕಷ್ಟವಾಗುತ್ತಿತ್ತು. ಈಗ ನಿಧಾನವಾಗಿ ಆಡುತ್ತಿದ್ದವು, ಒಂದು ಮಾತೂ ತಪ್ಪುತ್ತಿರಲಿಲ್ಲ. ಫೋನ್ ಬರುವುದೂ ಕಡಿಮೆಯಾಯಿತು.

ನಾನು ರಿಪೇರಿ ಮುಗಿಸಿ ಬಂದು ಶೆಡ್ಡಿನಲ್ಲಿ ಕೂರುತ್ತಿದ್ದೆ. ಆಚೀಚೆ ಮನೆಗಳ ಮಗ್ಗಗಳು ಗೋಡೆಯ ಮೂಲಕ ಬೆನ್ನಿಗೆ ತಾಗುತ್ತಿದ್ದವು. ಬೀದಿಗೆ ಬೀದಿಯೇ ಸದ್ದು ಮಾಡುತ್ತಿರುವಾಗ ನನ್ನ ಸುತ್ತ ಮಾತ್ರ ಹತ್ತಿ ತುಂಬಿದ ಹಾಗೆ. ಪೆಟ್ಟಿಗೆಗೆ ಯಾವುದಾದರೂ ಭಾಷಣವನ್ನೋ ವಾರ್ತೆಯನ್ನೋ ಹಾಕಿಡುತ್ತಿದ್ದೆ. ಕೇಳಲಿಕ್ಕಲ್ಲ, ತೂತಿನ ಮುಂದೆ ಬೆರಳು ಹಿಡಿದರೆ ಯಾರೋ ಉಸಿರಾಡಿದ ಹಾಗೆ ಆಗುತ್ತಿತ್ತು.

ಹೀಗಿರುವಾಗ ಒಂದು ಬೆಳಿಗ್ಗೆ ಕೈಗಾಡಿಯಲ್ಲಿ ತರಕಾರಿ ಮಾರುವವನು ನಮ್ಮ ಬಾಗಿಲಲ್ಲಿ ನಿಂತಿದ್ದ. ಎಷ್ಟು ಹೊತ್ತಿನಿಂದ ನಿಂತಿದ್ದನೋ, ಕರೆದಿದ್ದರೂ ನನಗೆ ಕೇಳುತ್ತಿರಲಿಲ್ಲ. ನೀರಿಗೆ ಬಂದವನು ವಾರ್ತೆ ಕೇಳುತ್ತ ಅಲ್ಲೇ ಒರಗಿಕೊಂಡಿದ್ದ. ನನ್ನನ್ನು ಕಂಡು ಪೆಟ್ಟಿಗೆಯ ಕಡೆ ಕೈ ತೋರಿಸಿದ.

"ಯಾವ ಅಂಗಡೀಲಿ ತಗೊಂಡೆ ಗುರು? ಎದುರಿಗೆ ಕೂತು ಮಾತಾಡ್ದಂಗೈತೆ. ನನ್ ಗಾಡಿ ಮೈಕ್ ನೋಡು, ಟೊಮೇಟೊ ಅಂದ್ರೆ ಬೀದಿನಾಯಿ ಎಲ್ಲ ಓಡಿಹೋಗ್ತವೆ."

ಅಂಗಡಿಯದಲ್ಲ, ನನ್ನ ತಂಗಿ ಮಾಡಿದ್ದು ಎಂದೆ. ನನ್ನ ತಂಗಿ ಮಾಡಿದ್ದು ಎಂದು ಆ ಪೆಟ್ಟಿಗೆಯ ಬಗ್ಗೆ ಹೇಳಿದ್ದು ಅದೇ ಮೊದಲು. ಅವನು, ನಿನ್ನ ತಂಗಿಗೆ ಒಳ್ಳೆ ತಲೆ ಇದೆ ಬಿಡು ಎಂದು ಹೇಳಿ, ನೀರು ಕುಡಿದು ಹೋದ. ಪೆಟ್ಟಿಗೆ ಚೆನ್ನಾಗಿದೆ ಎಂದು ನನಗೆ ಅವನಿಂದ ತಿಳಿಯಬೇಕಾಗಿರಲಿಲ್ಲ. ಆದರೆ ದಾರಿಯಲ್ಲಿ ಹೋಗುವವನು ಹೇಳಿದ ಮಾತು ನನ್ನ ಬಾಯಿಂದ ಬರಲೆಂದು ಅವಳು ತಿಂಗಳುಗಟ್ಟಲೆ ಕಾದಿದ್ದಳು.

ಮಾರನೆಯ ದಿನ ಪೆಟ್ಟಿಗೆಯನ್ನು ಹಳೆಯ ಸೀರೆಯಲ್ಲಿ ಸುತ್ತಿಕೊಂಡು ಬಸ್ಸು ಹತ್ತಿದೆ. ದೇವನಹಳ್ಳಿಯಲ್ಲಿ ಇಳಿದು ಹೊಸಕೋಟೆಗೆ, ಹೊಸಕೋಟೆಯಿಂದ ಅನುಗೊಂಡನಹಳ್ಳಿಗೆ. ಪಕ್ಕದಲ್ಲಿ ಕೂತ ಹೆಂಗಸು ದಾರಿಯುದ್ದಕ್ಕೂ ನನಗೆ ಏನೋ ಹೇಳುತ್ತಿದ್ದಳು. ಮಡಿಲಲ್ಲಿರುವುದು ಮಗು ಎಂದುಕೊಂಡಿರಬೇಕು. ನಾನು ತಲೆಯಾಡಿಸುತ್ತಿದ್ದೆ.

ತಂಗಿಯ ಮನೆಯ ಅಂಗಳದಲ್ಲಿ ಅವಳ ಅತ್ತೆ ಅವರೆಕಾಯಿ ಬಿಡಿಸುತ್ತ ಕೂತಿದ್ದರು, ಪಕ್ಕದಲ್ಲಿ ಮನೆಯ ನಾಯಿ ಮಲಗಿತ್ತು. ತಂಗಿ ಕೈ ಒರೆಸಿಕೊಂಡು ಬಂದಳು. ಸೀರೆ ಬಿಚ್ಚಿದಾಗ ಪೆಟ್ಟಿಗೆ ನೋಡಿ ಅವಳ ಮುಖ ಮುಚ್ಚಿಕೊಂಡಿತು. ಅದನ್ನ್ಯಾಕೆ ಹೊತ್ತುಕೊಂಡು ಬಂದೆ ಎಂದಳು.

"ನನ್ ಹಿಂದೆ ನಿಂತ್ಕೊಂಡು ಏನಾದ್ರೂ ಮಾತಾಡು" ಎಂದೆ.

ಅವಳು ನಕ್ಕಳು. ನಾನು ನಗಲಿಲ್ಲ. ಅವಳು ಹಿಂದೆ ಹೋದಳು. ನಾನು ಅತ್ತೆಯವರ ಕಡೆ ಮುಖ ಮಾಡಿ ನಿಂತೆ. ಬಿಸಿಲಿತ್ತು. ಅವಳು ಮಾತಾಡಿದಳೋ ಇನ್ನೂ ಇಲ್ಲವೋ ನನಗೆ ಗೊತ್ತಾಗಲಿಲ್ಲ. ಆಮೇಲೆ ಅತ್ತೆಯವರ ಕೈ ಅವರೆಕಾಯಿಯ ಮೇಲೆ ನಿಂತಿತು. ಅವರು ನನ್ನ ಹಿಂದೆ ನೋಡಿದರು, ನನ್ನನ್ನು ನೋಡಿದರು, ಮತ್ತೆ ಹಿಂದೆ ನೋಡಿದರು. ಅವಳು ಏನೋ ಹೇಳಿದ್ದಾಳೆ, ಅದು ಸುಮ್ಮನೆ ಹೇಳುವ ಮಾತಲ್ಲ ಎಂದು ಆ ಮುಖದಿಂದ ತಿಳಿಯಿತು. ಹಿಂದಕ್ಕೆ ತಿರುಗಿದೆ. ಅವಳು ಏನು ಹೇಳಿದ್ದಳೆಂದು ನಾನು ಇವತ್ತಿಗೂ ಕೇಳಿಲ್ಲ, ಅವಳೂ ಹೇಳಿಲ್ಲ.

ಯಾವಾಗಿನಿಂದ ಎಂದು ಅವಳ ತುಟಿ ಕೇಳಿತು. ಎಲ್ಲವನ್ನೂ ಹೇಳಿದೆ. ಜೀರುಂಡೆ, ಕುಕ್ಕರ್, ವೀಡಿಯೊ, ಮೂರು ಸಾವಿರ. ಅವಳ ಕಣ್ಣಲ್ಲಿ ನೀರು ಬಂತು, ನನ್ನ ತೋಳು ಹಿಡಿದುಕೊಂಡಳು. ಆಮೇಲೆ, ಪಕ್ಕದ ಮನೆಯವರನ್ನು ಕರೆದೇ ಇರಲಿಲ್ಲ ಎಂದೂ ಹೇಳಿದೆ. ಅವಳು ಕೈ ಬಿಟ್ಟಳು.

"ಕಿವಿ ಹೋಯ್ತು ಅಂತ ಹೇಳಕ್ಕಾಗ್ಲಿಲ್ಲ, ಸರಿ, ಅರ್ಥ ಆಗುತ್ತೆ. ಆದ್ರೆ ಅವರ ಹೆಸರ್ಯಾಕೆ ತಂದೆ? ಇಬ್ಬಿಬ್ರು ಹೇಳಿದ್ ಮೇಲೆ ನಾನ್ ದಡ್ಡಿ ಅಂತ್ಲೇ ನಂಬ್ಕೊಂಡ್ ಬಿಟ್ಟೆನಲ್ಲಣ್ಣ."

ಅತ್ತೆಯವರು ತಲೆ ತಗ್ಗಿಸಿ ಮತ್ತೆ ಕಾಯಿ ಬಿಡಿಸತೊಡಗಿದರು. ತಂಗಿ ಒಳಗೆ ಹೋದಳು. ಮಗುವನ್ನು ನೋಡಲು ಹೋದಳೆಂದುಕೊಂಡೆ. ಬಂದಾಗ ಲ್ಯಾಪ್‌ಟಾಪ್ ಹಿಡಿದಿದ್ದಳು, ಸುತ್ತಿದ ಬಟ್ಟೆಯ ಮೇಲೆ ಅಟ್ಟದ ಧೂಳಿತ್ತು. ಪೆಟ್ಟಿಗೆಯನ್ನು ಜಗುಲಿಯ ಮೇಲಿಟ್ಟು ತಂತಿ ಸಿಕ್ಕಿಸಿದಳು. ಸದ್ದು ಕೇಳುವಷ್ಟು ಹೊತ್ತು ಕೈ ಎತ್ತಿ ಹಿಡಿದಿರು, ನಿಂತಾಗ ಇಳಿಸು ಎಂದಳು. ಸನ್ನೆಯಲ್ಲಿ ಹೇಳಿದಳು, ಮಗ್ಗದ ಮುಂದೆ ನಿಂತು ಹೇಳುತ್ತಿದ್ದ ಹಾಗೆ.

ಸದ್ದು ಗುಂಯ್ ಎಂದು ಶುರುವಾಯಿತು. ಕೈ ಎತ್ತಿದೆ. ಏರಿತು, ಏರಿತು, ತೆಳುವಾಯಿತು, ಎಳೆ ಹರಿದ ಹಾಗೆ ನಿಂತಿತು. ಕೈ ಇಳಿಸಿದೆ. ನಾನು ಕೈ ಇಳಿಸಿದ ಮೇಲೆ ನಾಯಿ ತಲೆ ಎತ್ತಿತು. ಕಿವಿ ನಿಮಿರಿಸಿ ಪೆಟ್ಟಿಗೆಯನ್ನು ನೋಡುತ್ತ ಕೂತಿತು. ಅತ್ತೆಯವರು ಮುಖ ಕಿವುಚಿ ಸೆರಗಿನಿಂದ ಕಿವಿ ಮುಚ್ಚಿಕೊಂಡರು. ತಂಗಿ ನನ್ನ ಕಡೆ ನೋಡಲಿಲ್ಲ. ಅವಳು ಸ್ವಲ್ಪ ಬಗ್ಗಿ, ಕಣ್ಣು ಮುಚ್ಚಿ, ತಾನು ಲೆಕ್ಕ ಹಾಕಿದ ಪೆಟ್ಟಿಗೆಯನ್ನು ಮೊದಲನೆಯ ಸಲ ಕೇಳುತ್ತಿದ್ದಳು. ಸದ್ದು ಇನ್ನೂ ಏರುತ್ತಿತ್ತು ಎಂದು ಅವಳ ಮುಖದಲ್ಲಿ ಕಾಣುತ್ತಿತ್ತು. ಆ ಮುಖವನ್ನು ನಾನು ಎಷ್ಟು ತಿಂಗಳು ಅವಳಿಂದ ಕಿತ್ತಿಟ್ಟುಕೊಂಡಿದ್ದೆ.

ಪೆಟ್ಟಿಗೆ ಅಲ್ಲೇ ಉಳಿಯಿತು, ಈಗ ಹೊಸಕೋಟೆಯ ಮೇಷ್ಟ್ರ ಮೇಜಿನ ಮೇಲಿದೆಯಂತೆ. ತಂಗಿ ಎರಡನೆಯ ಸಾಫ್ಟ್‌ವೇರನ್ನೇ ಇಟ್ಟುಕೊಂಡಿದ್ದಾಳೆ. ನನ್ನನ್ನು ಕಿವಿಯ ಡಾಕ್ಟರಿಗೆ ತೋರಿಸಬೇಕೆಂದು ಎರಡು ಸಲ ಹೇಳಿದಳು, ಹೋಗುತ್ತೇನೆ ಎಂದಿದ್ದೇನೆ. 'ನಮ್ಮಣ್ಣಂಗೆ ನನ್ ಮುಖ ನೋಡ್ದೆ ಮಾತೇ ಬರಲ್ಲ' ಎಂದು ಈಗ ಅವಳು ಯಾರ ಹತ್ತಿರವೂ ಹೇಳುವುದಿಲ್ಲ. ವೀಡಿಯೊ ಕಾಲ್ ಮಾಡುತ್ತಾಳೆ, ಫೋನನ್ನು ಸರಿಯಾಗಿ ಮುಖಕ್ಕೆ ಹಿಡಿದು, ಅಕ್ಷರ ಅಕ್ಷರ ಬಿಡಿಸಿ ಮಾತಾಡುತ್ತಾಳೆ. ಮಾಡುವುದು ಮೊದಲಿಗಿಂತ ಅಪರೂಪ.

ಹೋದ ವಾರ ಮುಂದಿನ ಪೆಟ್ಟಿಗೆಯ ಅಳತೆ ಬಂತು. ಹಲಗೆಗಳು, ಪೈಪು, ಬೆಂಡು, ಎಲ್ಲವನ್ನೂ ಕನ್ನಡದಲ್ಲೇ ಬರೆದಿದ್ದಳು. ಕೊನೆಯಲ್ಲಿ ಒಂದು ಸಾಲು: ಕತ್ತರಿಸೋದು ನೀನು, ಕೇಳೋದು ಬೇರೆಯವರು.

ಇವತ್ತು ಅಂಟು ಒಣಗಿತು. ಸ್ಪೀಕರ್ ಕೂರಿಸಿ, ತಂತಿ ಕೊಟ್ಟು, ಪೆಟ್ಟಿಗೆಯ ಮೇಲೆ ಕೈಯಿಟ್ಟು ನೋಡಿದೆ. ಕಲ್ಲಿನ ಹಾಗಿತ್ತು. ಆಮೇಲೆ ಹೊರಗೆ ಬಂದು ಪಕ್ಕದ ಮನೆಯ ಬಾಗಿಲು ತಟ್ಟಿದೆ. ಒಳಗಿಂದ ಯಾರಾದರೂ ಬಂದೆ ಎಂದರೋ ಇಲ್ಲವೋ ತಿಳಿಯಲಿಲ್ಲ. ಬಾಗಿಲು ತೆರೆಯುವವರೆಗೆ ಅಲ್ಲೇ ನಿಂತಿದ್ದೆ.